ಕದ್ದ ಬಟ್ಟೆ, ಬಿಳಿ ಮಚ್ಚೆ

ಬಂಗಾಳ, ಅಸ್ಸಾಮಿನ ಕಡೆ ಬಿಟ್ಟರೆ ಭಾರತದ ಬಹುಪಾಲು ಹಿಂದೂ ಮನೆಗಳ ಆಸ್ತಿ ಪಾಲನ್ನು ಶತಮಾನಗಟ್ಟಲೆ ನಿರ್ಧರಿಸಿದ ಗ್ರಂಥ ಹುಟ್ಟಿದ್ದು ಇವತ್ತಿನ ಬಸವಕಲ್ಯಾಣದಲ್ಲಿ. ಆಗ ಅದರ ಹೆಸರು ಕಲ್ಯಾಣ. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಅಲ್ಲಿಂದ ರಾಜ್ಯವಾಳಿದ. ಅವನ ಆಶ್ರಯದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ‘ಮಿತಾಕ್ಷರಾ’. ಆ ಸ್ಮೃತಿಯ ಕೊನೆಯ ಭಾಗವಾದ ಪ್ರಾಯಶ್ಚಿತ್ತಾಧ್ಯಾಯದಲ್ಲಿ ಒಂದು ಪಟ್ಟಿ ಬರುತ್ತದೆ. ಹಿಂದಿನ ಜನ್ಮದ ಯಾವ ಪಾಪಕ್ಕೆ ಈ ಜನ್ಮದಲ್ಲಿ ಯಾವ ಗುರುತು ಎಂಬ ಪಟ್ಟಿ ಅದು. ಬ್ರಾಹ್ಮಣನನ್ನು ಕೊಂದವನಿಗೆ ಕ್ಷಯ, ಹೆಂಡ ಕುಡಿದವನಿಗೆ ಕಪ್ಪು ಹಲ್ಲು, ಚಿನ್ನ ಕದ್ದವನಿಗೆ ಕೆಟ್ಟ ಉಗುರು. ಬಟ್ಟೆ ಕದ್ದವನು ಶ್ವಿತ್ರಿಯಾಗಿ ಹುಟ್ಟುತ್ತಾನೆ. ಮನುಸ್ಮೃತಿಯೂ ಬಟ್ಟೆಗಳ್ಳನಿಗೆ ಇದೇ ಫಲವನ್ನು ಹೇಳುತ್ತದೆ. ಶ್ವಿತ್ರವೆಂದರೆ ನಾವು ತೊನ್ನು, ಬಿಳಿ ಮಚ್ಚೆ ಎನ್ನುವ, ವೈದ್ಯರು ವಿಟಿಲಿಗೊ ಎನ್ನುವ ಅದೇ. ಬಸವಕಲ್ಯಾಣದ ಓಣಿಯಲ್ಲಾಗಲಿ ಹತ್ತಿರದ ಹುಮನಾಬಾದಿನ ಸಂತೆಯಲ್ಲಾಗಲಿ ಈ ಶ್ಲೋಕ ಓದಿದವರು ಸಿಗುವುದು ಅಪರೂಪ. ಆದರೆ ಶ್ಲೋಕದ ತೀರ್ಪು ಜನರ ಬಾಯಲ್ಲಿ ಉಳಿದಿದೆ: ‘ಯಾವ ಜನ್ಮದಾಗ ಏನ್ ಪಾಪ ಮಾಡ್ಯಾರೋ.’ ಕನ್ನಡದಲ್ಲಿ ತೊನ್ನು, ಮರಾಠಿಯಲ್ಲಿ ಕೋಡ, ದಖನಿಯಲ್ಲಿ ಸಫೇದ್ ದಾಗ್. ಮೂರು ನುಡಿಗಳ ಈ ಸೀಮೆಯಲ್ಲಿ ಹೆಸರು ಬೇರೆ ಬೇರೆ, ಸಂಶಯ ಮಾತ್ರ ಒಂದೇ. ವಿಜ್ಞಾನದ ಎದುರು ಈ ಸಂಶಯ ಸೋಲುತ್ತದೆ ಎಂದಷ್ಟೇ ಹೇಳಿ ಸುಮ್ಮನಾಗಲು ನನಗೆ ಮನಸ್ಸಿಲ್ಲ. ಅದು ಧರ್ಮದ ಎದುರು, ಆ ಸ್ಮೃತಿಯೇ ವಿಧಿಸಿದ ನ್ಯಾಯದ ಎದುರು ಕೂಡ ನಿಲ್ಲಲಾರದು ಎಂಬುದು ನನ್ನ ವಾದ.

ಮೊದಲು ರೋಗದ ಕಾರಣ ನೋಡೋಣ. ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಹೊರಚರ್ಮದ ಬುಡದಲ್ಲಿ ಕೂತ ಮೆಲನೊಸೈಟ್ ಎಂಬ ಜೀವಕೋಶಗಳು ಅದನ್ನು ತಯಾರಿಸಿ ಸುತ್ತಲಿನ ಕೋಶಗಳಿಗೆ ಹಂಚುತ್ತವೆ. ತೊನ್ನಿನಲ್ಲಿ ಈ ಮೆಲನೊಸೈಟ್‌ಗಳೇ ನಾಶವಾಗುತ್ತವೆ. ಅವನ್ನು ಕೊಲ್ಲುವುದು ಹೊರಗಿನ ರೋಗಾಣು ಅಲ್ಲ, ಆದ್ದರಿಂದ ಮುಟ್ಟಿದರೆ ಅಂಟುವ ಪ್ರಶ್ನೆಯೇ ಇಲ್ಲ. ರೋಗಾಣುಗಳ ವಿರುದ್ಧ ಕಾವಲಿರಬೇಕಾದ ನಮ್ಮದೇ ರಕ್ತದ ಟಿ ಜೀವಕೋಶಗಳು ಬಣ್ಣದ ಕೋಶಗಳನ್ನು ಪರಕೀಯರೆಂದು ತಿಳಿದು ಮೇಲೆ ಬೀಳುತ್ತವೆ. ದಾಳಿಯಲ್ಲಿ ಅವು ಇಂಟರ್‌ಫೆರಾನ್ ಗಾಮಾ ಎಂಬ ವಸ್ತುವನ್ನು ಸುರಿಸುತ್ತವೆ. ಅದು ತಾಗಿದ ಚರ್ಮದ ಕೋಶಗಳು ಇನ್ನಷ್ಟು ಟಿ ಕೋಶಗಳನ್ನು ಕರೆಯುವ ಸಂಕೇತ ಕಳಿಸುತ್ತವೆ. ಹೀಗೆ ಒಂದು ಮಚ್ಚೆ ಹಬ್ಬುತ್ತದೆ. ಇದು ಬರಿಯ ಊಹೆಯಾಗಿ ಉಳಿದಿಲ್ಲ ಎನ್ನಲು ಒಂದು ಸಾಕ್ಷಿಯಿದೆ: ಇದೇ ಸಂಕೇತದ ದಾರಿಯನ್ನು ಅಡ್ಡಗಟ್ಟುವ ರಕ್ಸೊಲಿಟಿನಿಬ್ ಎಂಬ ಮುಲಾಮಿಗೆ 2022ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು, ಅದು ಹಲವರಲ್ಲಿ ಬಣ್ಣ ಮರಳಿಸುತ್ತದೆ. ಹಾಗಾದರೆ ಕಾವಲಿನವರಿಗೆ ಈ ತಪ್ಪು ಯಾಕೆ? ಇಲ್ಲಿ ಉತ್ತರ ಹಲವು ಎಳೆಗಳಾಗಿ ಸೀಳುತ್ತದೆ. ವಂಶವಾಹಿಗಳಲ್ಲಿ ಸುಮಾರು 50 ನೆಲೆಗಳು ಈ ರೋಗದೊಂದಿಗೆ ತಳಕು ಹಾಕಿಕೊಂಡಿವೆ. ಹೆಚ್ಚಿನವು ರೋಗನಿರೋಧಕ ಶಕ್ತಿಗೆ ಸೇರಿದವು, ಕೆಲವು ಮೆಲನಿನ್ ತಯಾರಿಕೆಗೇ ಸೇರಿದವು. ತೊನ್ನು ಇದ್ದವರಲ್ಲಿ ಥೈರಾಯ್ಡ್ ತೊಂದರೆ ಹೆಚ್ಚು ಕಾಣುವುದೂ ಇದರಿಂದಲೇ. ಬಣ್ಣ ತಯಾರಿಸುವ ಕೆಲಸದಲ್ಲಿ ಹೈಡ್ರೊಜನ್ ಪೆರಾಕ್ಸೈಡಿನಂಥ ವಸ್ತುಗಳು ಹುಟ್ಟುತ್ತವೆ. ಅವನ್ನು ತಾಳಲಾರದ ಮೆಲನೊಸೈಟ್ ನರಳುತ್ತ ಕೊಡುವ ಸೂಚನೆಯೇ ದಾಳಿಗೆ ಮೊದಲ ಕರೆಯಾಗಬಹುದು ಎಂಬುದು ಇನ್ನೊಂದು ಎಳೆ. ಗಾಯ, ಸುಟ್ಟ ಕಲೆ, ಲಂಗದ ಲಾಡಿ ದಿನವೂ ಉಜ್ಜುವ ಸೊಂಟ, ಇಂಥ ಕಡೆ ಹೊಸ ಮಚ್ಚೆ ಏಳುವುದುಂಟು. ಆದರೆ ಯಾವ ಒಂದು ಎಳೆಯೂ ಪೂರ್ತಿ ಕಾರಣವಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ವಂಶವಾಹಿಗಳು ಒಂದೇ. ಆದರೂ ಒಬ್ಬರಿಗೆ ತೊನ್ನಿದ್ದಾಗ ಇನ್ನೊಬ್ಬರಿಗೂ ಬರುವುದು ನೂರಕ್ಕೆ ಸುಮಾರು 23ರಷ್ಟು ಸಂದರ್ಭಗಳಲ್ಲಿ ಎಂದು 2003ರ ಅಧ್ಯಯನವೊಂದು ಕಂಡಿತು. ಒಡಹುಟ್ಟಿದವರಲ್ಲಿ ಅದು ನೂರಕ್ಕೆ ಸುಮಾರು 6. ಸಂಬಂಧ ಕುದುರಿಸುವಾಗ ‘ಮನೆತನದಾಗ ತೊನ್ನು ಅದ’ ಎಂದು ಎದ್ದು ಹೋಗುವವರು ಈ 6ರ ಪಕ್ಕದ 94ನ್ನೂ ನೋಡಬೇಕು.

ಕರ್ಮದ ವಾದವನ್ನು ನಿಜವಾಗಿ ಪರೀಕ್ಷೆಗೆ ಒಡ್ಡುವುದು ಇನ್ನೊಂದು ಬಗೆಯ ಮಚ್ಚೆ. 1930ರ ದಶಕದ ಕೊನೆಗೆ ಅಮೆರಿಕದ ಒಂದು ಚರ್ಮ ಹದಮಾಡುವ ಕಾರ್ಖಾನೆಯಲ್ಲಿ ರಬ್ಬರ್ ಕೈಗವಸು ತೊಟ್ಟ ಕೂಲಿಕಾರರ ಕೈಗಳು ಬೆಳ್ಳಗಾಗತೊಡಗಿದವು. ಹುಡುಕಿದಾಗ ಸಿಕ್ಕದ್ದು ರಬ್ಬರ್ ಕೆಡದಂತೆ ಬೆರೆಸಿದ್ದ ಒಂದು ರಾಸಾಯನಿಕ, ಮೊನೊಬೆಂಜೋನ್. ಅದು ಮೆಲನೊಸೈಟನ್ನೇ ಹುಡುಕಿ ಕೊಲ್ಲುತ್ತದೆ. ಜಪಾನಿನಲ್ಲಿ 2013ರಲ್ಲಿ ಮುಖ ಬೆಳ್ಳಗಾಗಿಸುವ ಕ್ರೀಮುಗಳನ್ನು ಮಾರುಕಟ್ಟೆಯಿಂದ ವಾಪಸು ಪಡೆಯಬೇಕಾಯಿತು. ಅವುಗಳಲ್ಲಿದ್ದ ರೊಡೊಡೆಂಡ್ರಾಲ್ ಸಾವಿರಾರು ಹೆಂಗಸರ ಮುಖ, ಕತ್ತುಗಳಲ್ಲಿ ಬಿಳಿ ತೇಪೆ ಹಾಕಿತ್ತು. ನಮ್ಮಲ್ಲಿ ಅದೇ ಕೆಲಸವನ್ನು ಅಗ್ಗದ ಸ್ಟಿಕ್ಕರ್ ಬಿಂದಿಯ ಅಂಟು ಮಾಡುತ್ತದೆ, ರಬ್ಬರ್ ಚಪ್ಪಲಿಯ ಪಟ್ಟಿ ಮಾಡುತ್ತದೆ, ಕೂದಲಿನ ಬಣ್ಣ ಮಾಡುತ್ತದೆ. ಚಪ್ಪಲಿಯ ಪಟ್ಟಿ ಪಾದವನ್ನು ಮುಟ್ಟುವ ಜಾಗದಲ್ಲೇ, ಅದೇ ಆಕಾರದಲ್ಲಿ ಬಿಳುಪು ಮೂಡುತ್ತದೆ. ಹಣೆಯ ಬಿಂದಿಯ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಮುತ್ತೈದೆತನದ ಗುರುತೆಂದು ಹೆಣ್ಣೊಬ್ಬಳು ದಿನವೂ ಹಚ್ಚಿಕೊಂಡ ಬೊಟ್ಟು ಅವಳ ಹಣೆಯಲ್ಲಿ ಬಿಳಿ ಬೊಟ್ಟನ್ನು ಉಳಿಸಿಹೋಗುತ್ತದೆ. ಆ ಬಿಳಿ ಬೊಟ್ಟನ್ನು ನೋಡಿ ಅವಳ ಪಾಪವನ್ನು ಎಣಿಸುವವರು ಎಣಿಸಬೇಕಾದ್ದು ಅಂಟಿನಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯೂಟೈಲ್ ಫೀನಾಲನ್ನು. ಇದಕ್ಕೆ ಕರ್ಮವಾದಿಯ ಬಳಿ ಒಂದು ಉತ್ತರ ಉಂಟು, ಅದು ಹಗುರವಾದ ಉತ್ತರವೂ ಅಲ್ಲ: ಅಂಟು ನಿಮಿತ್ತ ಮಾತ್ರ, ಆ ಅಂಟು ಇವಳ ಹಣೆಗೇ ಬಂದು ತಾಗುವಂತೆ ಮಾಡಿದ್ದು ಪೂರ್ವಕರ್ಮ. ಇರಬಹುದು. ಆದರೆ ಹಾಗೆಂದ ಮರುಕ್ಷಣ ಆ ಮಾತು ಎಲ್ಲಕ್ಕೂ ಒಪ್ಪುತ್ತದೆ. ತೊನ್ನು ಬಂದವಳಿಗೆ, ಅದೇ ಬಿಂದಿ ಹಚ್ಚಿಯೂ ಬರದವಳಿಗೆ, ಬಿಂದಿ ಮಾರಿ ಲಾಭ ಮಾಡಿದವನಿಗೆ. ಎಲ್ಲರ ಎಲ್ಲ ಸ್ಥಿತಿಯೂ ಕರ್ಮದ ಫಲವೇ ಆದ ಮೇಲೆ ಬಿಳಿ ಮಚ್ಚೆಯೊಂದೇ ಪಾಪದ ವಿಶೇಷ ಗುರುತಾಗಿ ಉಳಿಯುವುದು ಹೇಗೆ? ಕರ್ಮ ಸರ್ವವ್ಯಾಪಿ ಎಂದು ಒಪ್ಪಿದರೆ ಅದು ಯಾರ ಮೈಮೇಲೂ ಬೆರಳು ತೋರಿಸಲಾರದು.

ಹಳೆಯ ವೈದ್ಯರೂ ಪಾಪವನ್ನು ಕಾರಣವೆಂದು ಹೇಳಿದ್ದಾರಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಚರಕಸಂಹಿತೆಯ ಚಿಕಿತ್ಸಾಸ್ಥಾನ ಕಿಲಾಸಕ್ಕೆ, ಅಂದರೆ ಇದೇ ರೋಗಕ್ಕೆ, ಸುಳ್ಳು ಮಾತು, ಕೃತಘ್ನತೆ, ದೇವನಿಂದೆ, ಗುರುಗಳ ಅವಮಾನ, ಪೂರ್ವಕರ್ಮ ಇವನ್ನು ಕಾರಣವಾಗಿ ಎಣಿಸಿ ಕೊನೆಗೆ ವಿರುದ್ಧ ಆಹಾರವನ್ನೂ ಸೇರಿಸುತ್ತದೆ. ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆ ಎಂಬ ನಮ್ಮ ಮನೆಗಳ ಅಂಜಿಕೆಗೆ ಇದೇ ಬೇರು. ಮೀನು ಹಾಲು ಕೂಡಿದರೆ ಮೆಲನೊಸೈಟ್ ಸಾಯುತ್ತದೆ ಎನ್ನಲು ಯಾವ ಆಧಾರವೂ ಇಲ್ಲ. ಆದರೆ ಆ ವೈದ್ಯರ ಕಣ್ಣು ಎಷ್ಟು ಚುರುಕಾಗಿತ್ತು ನೋಡಿ. ಕಿಲಾಸ ಚರ್ಮದಲ್ಲಷ್ಟೇ ಇರುತ್ತದೆ, ಸೋರುವುದಿಲ್ಲ ಎಂದು ಸುಶ್ರುತ ಅದನ್ನು ಕುಷ್ಠದಿಂದ ಬೇರ್ಪಡಿಸಿದ. ಇಂದಿಗೂ ಬಿಳಿ ಮಚ್ಚೆಯನ್ನು ‘ಬಿಳಿ ಕುಷ್ಠ’ ಎಂದು ಕರೆದು ಎರಡನ್ನೂ ಕಲಸುವವರಿಗಿಂತ ಅವನು ಮುಂದಿದ್ದ. ಕುಷ್ಠವೆಂದು ನಾವು ಈಗ ಕರೆಯುವುದು ನರಗಳನ್ನು ಹಿಡಿಯುವ ಸೂಕ್ಷ್ಮಾಣುವಿನ ರೋಗ. 1873ರಲ್ಲಿ ನಾರ್ವೆಯ ಹ್ಯಾನ್ಸನ್ ಆ ಸೂಕ್ಷ್ಮಾಣುವನ್ನು ಕಂಡ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಹೋಗುತ್ತದೆ, ತೊನ್ನಿನ ಮಚ್ಚೆಯಲ್ಲಿ ಉಳಿಯುತ್ತದೆ. ವಾಗ್ಭಟ ಅಷ್ಟಾಂಗಹೃದಯದಲ್ಲಿ ಇನ್ನೂ ಸೂಕ್ಷ್ಮವಾದದ್ದನ್ನು ಬರೆದ: ಮಚ್ಚೆಯ ಮೇಲಿನ ಕೂದಲು ಬಿಳಿಯಾಗದಿದ್ದರೆ, ಮಚ್ಚೆಗಳು ಒಂದಕ್ಕೊಂದು ಕೂಡದಿದ್ದರೆ, ಹೊಸದಾಗಿದ್ದರೆ ಗುಣವಾದೀತು, ಅಂಗೈ, ತುಟಿ, ಗುಹ್ಯಭಾಗದ್ದು ಹೊಸದಾದರೂ ಗುಣವಾಗುವುದು ಕಷ್ಟ. ಇದರ ಕಾರಣ ಇಂದು ಗೊತ್ತು. ಬಣ್ಣದ ಕೋಶಗಳ ಮೂಲಬೀಜ ಕೂದಲ ಬುಡದಲ್ಲಿ ಅಡಗಿರುತ್ತದೆ. ಚಿಕಿತ್ಸೆ ಫಲಿಸಿದಾಗ ಹೊಸ ಬಣ್ಣ ಕೂದಲ ಬುಡದಿಂದ ಸಣ್ಣ ಚುಕ್ಕೆಗಳಾಗಿ ಏಳುತ್ತದೆ. ಕೂದಲೇ ಬೆಳೆಯದ ಅಂಗೈ, ತುಟಿಗಳಲ್ಲಿ ಆ ಬೀಜ ಇಲ್ಲ. ಬಾವಂಚಿ ಬೀಜ ಕೊಟ್ಟು ಬಿಸಿಲಿಗೆ ಮೈಯೊಡ್ಡಿಸಿದ ಚಿಕಿತ್ಸೆಯೂ ಹಾಗೆಯೇ: ಬೀಜದಲ್ಲಿರುವ ಸೊರಾಲೆನ್ ಬಿಸಿಲಿನ ನೇರಳಾತೀತ ಕಿರಣದೊಂದಿಗೆ ಸೇರಿ ಕೆಲಸ ಮಾಡುತ್ತದೆ, ಅಳತೆ ತಪ್ಪಿದರೆ ಗುಳ್ಳೆಯೆದ್ದು ಸುಡುತ್ತದೆ. ಅಂದರೆ ಕಂಡದ್ದನ್ನು ಬರೆದಲ್ಲಿ ಆ ವೈದ್ಯರು ಸಾವಿರ ವರ್ಷ ದಾಟಿಯೂ ಸರಿ; ಕಾಣದ್ದನ್ನು, ರೋಗಿಯ ಹಿಂದಿನ ಜನ್ಮವನ್ನು, ಹೇಳಿದಲ್ಲಿ ತಮ್ಮ ಕಾಲದ ನಂಬಿಕೆಯನ್ನಷ್ಟೇ ದಾಖಲಿಸಿದರು. ಎರಡಕ್ಕೂ ಒಂದೇ ಗೌರವ ಕೊಡುವುದು ಅವರ ಕಣ್ಣಿಗೇ ಮಾಡುವ ಅವಮಾನ.

ಈಗ ಕಲ್ಯಾಣದ ಗ್ರಂಥಕ್ಕೆ ಮರಳುತ್ತೇನೆ. ಪ್ರಾಯಶ್ಚಿತ್ತಾಧ್ಯಾಯಕ್ಕೂ ಮುಂಚೆ ಅದೇ ಸ್ಮೃತಿಯಲ್ಲಿ ವ್ಯವಹಾರಾಧ್ಯಾಯವಿದೆ, ಅಂದರೆ ನ್ಯಾಯಾಲಯದ ಭಾಗ. ಅಲ್ಲಿ ಪ್ರಮಾಣಗಳು ಮೂರು: ಬರಹ, ಭೋಗ, ಸಾಕ್ಷಿ. ಈ ಮೂರೂ ಇಲ್ಲದಾಗ ದಿವ್ಯಪರೀಕ್ಷೆ. ಕಳ್ಳನನ್ನು ಹಿಡಿಯಬೇಕಾದರೆ ಕದ್ದ ಮಾಲು, ಹೆಜ್ಜೆಗುರುತು ಇಂಥ ಆಧಾರಗಳು ಬೇಕು. ಬರೀ ಸಂಶಯದ ಮೇಲೆ ಹಿಡಿದವನಿಗೂ ತನ್ನನ್ನು ನಿರ್ದೋಷಿಯೆಂದು ತೋರಿಸಿಕೊಳ್ಳುವ ಅವಕಾಶ ಉಂಟು. ಈ ಜನ್ಮದಲ್ಲಿ, ಕಲ್ಯಾಣದ ಪೇಟೆಯಲ್ಲಿ, ಒಂದು ಧೋತರ ಕದ್ದ ಆರೋಪ ಬಂದರೆ ಇಷ್ಟೆಲ್ಲ ನಡೆಯಬೇಕು. ಮೈಮೇಲೆ ಬಿಳಿ ಮಚ್ಚೆಯಿದೆ ಎಂಬ ಒಂದೇ ಕಾರಣಕ್ಕೆ ಯಾವ ಧರ್ಮಾಧಿಕಾರಿಯೂ ಒಬ್ಬನನ್ನು ಬಟ್ಟೆಗಳ್ಳನೆಂದು ದಂಡಿಸುವಂತಿರಲಿಲ್ಲ. ಹಾಗಿರುವಾಗ ಕದ್ದ ಬಟ್ಟೆ ಇಲ್ಲದ, ಕಳಕೊಂಡವನು ಯಾರೆಂದು ತಿಳಿಯದ, ಸಾಕ್ಷಿ ನುಡಿಯುವವರು ಬದುಕಿಲ್ಲದ, ಆರೋಪಿಗೆ ತನ್ನ ಅಪರಾಧದ ನೆನಪೇ ಇಲ್ಲದ ಕಳವಿಗೆ ಓಣಿಯ ಕಟ್ಟೆಯ ಮೇಲೆ ಕೂತು ತೀರ್ಪು ಕೊಡುವ ಅಧಿಕಾರ ನಮಗೆ ಎಲ್ಲಿಂದ ಬಂತು? ಆ ಪಟ್ಟಿ ನ್ಯಾಯಾಲಯದ ಅಧ್ಯಾಯದಲ್ಲಿ ಇಲ್ಲ, ಪ್ರಾಯಶ್ಚಿತ್ತದ ಅಧ್ಯಾಯದಲ್ಲಿದೆ. ಅದು ಇರುವ ಜಾಗವೇ ಅದರ ಉದ್ದೇಶವನ್ನು ಹೇಳುತ್ತದೆ ಎಂದು ನಾನು ಓದುತ್ತೇನೆ: ಕದಿಯಲು ಹೊರಟವನ ಕೈ ತಡೆಯುವುದಕ್ಕೆ ಅದು ಇದೆ, ರೋಗಿಯ ಕೈ ನೋಡಿ ಕಳ್ಳನನ್ನು ಹುಡುಕುವುದಕ್ಕಲ್ಲ. ಪಟ್ಟಿ ಮುಗಿಸುವಾಗ ಇವು ಉದಾಹರಣೆಗಳು ಮಾತ್ರ ಎಂದು ಸ್ಮೃತಿಕಾರನೇ ಹೇಳುತ್ತಾನೆ. ಬಟ್ಟೆ ಮೈ ಮುಚ್ಚುವುದು, ಬಣ್ಣ ಚರ್ಮವನ್ನು ಮುಚ್ಚುವುದು. ಒಂದನ್ನು ಕದ್ದವನು ಇನ್ನೊಂದನ್ನು ಕಳೆದುಕೊಳ್ಳುತ್ತಾನೆ. ಇದು ಹೋಲಿಕೆಯ ಬಲದ ಮೇಲೆ ನಿಂತ ಮಾತು. ಹೋಲಿಕೆ ಕಾವ್ಯಕ್ಕೆ ಸಾಕಾದೀತು, ಶಿಕ್ಷೆಗೆ ಸಾಲದು.

ಕರ್ಮ ನಿಸರ್ಗದ ನಿಯಮ, ಅದಕ್ಕೆ ಸಾಕ್ಷಿ ಕೇಳುವುದು ತಪ್ಪು ಎನ್ನುವವರಿದ್ದಾರೆ. ಒಪ್ಪೋಣ. ಆದರೆ ನಿಯಮ ಇದೆ ಎಂದು ನಂಬುವುದು ಒಂದು, ಈ ಒಬ್ಬರ ಮೈಯಲ್ಲಿ ಆ ನಿಯಮ ಹೇಗೆ ನಡೆದಿದೆ ಎಂದು ನನಗೆ ಗೊತ್ತು ಎನ್ನುವುದು ಇನ್ನೊಂದು. ಕರ್ಮವನ್ನು ಗಟ್ಟಿಯಾಗಿ ನಂಬಿದ ಬುದ್ಧನೇ ಈ ಎರಡನ್ನೂ ಬೇರ್ಪಡಿಸಿದ. ಸಂಯುತ್ತನಿಕಾಯದಲ್ಲಿ ಸೀವಕನೆಂಬ ಪರಿವ್ರಾಜಕ ಕೇಳುತ್ತಾನೆ: ಮನುಷ್ಯನ ಎಲ್ಲ ನೋವೂ ಹಿಂದೆ ಮಾಡಿದ್ದರ ಫಲವೇ? ಬುದ್ಧ ಎಂಟು ಕಾರಣಗಳನ್ನು ಎಣಿಸುತ್ತಾನೆ. ಪಿತ್ತ, ಕಫ, ವಾತ, ಇವುಗಳ ಬೆರಕೆ, ಋತುಗಳ ಬದಲಾವಣೆ, ಮೈಯ ಆರೈಕೆ ತಪ್ಪುವುದು, ಹೊರಗಿನ ಪೆಟ್ಟು. ಕರ್ಮ ಬರುವುದು ಎಂಟನೆಯದಾಗಿ. ಎಲ್ಲವೂ ಪೂರ್ವಕರ್ಮವೇ ಎನ್ನುವವರು ತಾವು ಸ್ವತಃ ತಿಳಿದದ್ದನ್ನೂ ಲೋಕ ತಿಳಿದದ್ದನ್ನೂ ಮೀರಿ ಮಾತಾಡುತ್ತಿದ್ದಾರೆ ಎಂಬುದು ಅವನ ನಿಲುವು. ಯೋಹಾನನ ಸುವಾರ್ತೆಯಲ್ಲಿ ಹುಟ್ಟುಕುರುಡನನ್ನು ತೋರಿಸಿ ಪಾಪ ಇವನದೋ ಹೆತ್ತವರದೋ ಎಂದು ಶಿಷ್ಯರು ಕೇಳಿದಾಗ ಏಸು ಎರಡನ್ನೂ ಅಲ್ಲಗಳೆಯುತ್ತಾನೆ. ಇನ್ನು ಕರ್ಮದ ನಂಬಿಕೆ ನೊಂದವರಿಗೆ ಸಮಾಧಾನ ಕೊಡುತ್ತದೆ ಎಂಬ ಮಾತಿದೆ. ಇದು ಅರ್ಧ ನಿಜ. ತನ್ನ ಕಷ್ಟವನ್ನು ತಾನೇ ‘ಇದು ನನ್ನ ಲೆಕ್ಕ, ತೀರಿಸುತ್ತೇನೆ’ ಎಂದುಕೊಂಡು ಒಬ್ಬರು ತಾಳ್ಮೆ ಕಂಡುಕೊಂಡರೆ ಅದನ್ನು ಕಿತ್ತುಕೊಳ್ಳಲು ನಾನು ಯಾರು? ಆದರೆ ಅದೇ ವಾಕ್ಯ ಪಕ್ಕದ ಮನೆಯವರ ಬಾಯಲ್ಲಿ ಬಂದಾಗ ಸಮಾಧಾನ ಹೋಗಿ ತೀರ್ಪಾಗುತ್ತದೆ. ತೊನ್ನು ಇರುವ ಅರ್ಧದಷ್ಟು ಜನರಲ್ಲಿ ಅದು ಶುರುವಾಗುವುದು ಇಪ್ಪತ್ತು ತುಂಬುವ ಮೊದಲು. ಎಂಟು ವರ್ಷದ ಹುಡುಗಿಯ ಕಣ್ರೆಪ್ಪೆಯ ಮೇಲೆ ಮಚ್ಚೆ ಕಂಡಾಗ ಆ ತೀರ್ಪನ್ನು ಹೊರುವವಳು ಅವಳ ಅವ್ವ. ಮನಸ್ಸಿನ ಒತ್ತಡವೂ ಈ ರೋಗವನ್ನು ಕೆರಳಿಸಬಹುದೆಂಬ ಶಂಕೆ ವೈದ್ಯರಲ್ಲಿದೆ. ಹಾಗಿದ್ದರೆ ಪಾಪದ ಮಾತು ಆಡುವವರು ತಾವು ಹೆಸರಿಸುವ ರೋಗಕ್ಕೆ ತಾವೇ ಒಂದಿಷ್ಟು ಮೇವು ಹಾಕುತ್ತಿರಬಹುದು.

ವಿಜ್ಞಾನೇಶ್ವರನ ಬಳಿಕ ಅರ್ಧ ಶತಮಾನದೊಳಗೆ ಅದೇ ಕಲ್ಯಾಣದಲ್ಲಿ, ಬಿಜ್ಜಳನ ಕಾಲದಲ್ಲಿ, ಶರಣರು ಸೇರಿದರು. ಅವರು ಕರ್ಮವನ್ನು ತಳ್ಳಿಹಾಕಿದರು ಎಂದು ಹೇಳಿದರೆ ತಪ್ಪಾಗುತ್ತದೆ. ವಚನಗಳಲ್ಲಿ ಪೂರ್ವಕರ್ಮದ ಮಾತು ಮತ್ತೆ ಮತ್ತೆ ಬರುತ್ತದೆ. ಆದರೆ ಗುರು ಲಿಂಗವನ್ನು ಕೈಗೆ ಕೊಟ್ಟ ಮೇಲೆ ಪೂರ್ವಾಶ್ರಯ ಅಳಿಯುತ್ತದೆ, ಭಕ್ತನ ಪೂರ್ವವನ್ನು ಕೇಳಬಾರದು ಎಂಬುದು ಅವರ ಕಟ್ಟುನಿಟ್ಟು. ಕುಲವನ್ನು ಕುರಿತು ಹೇಳಿದ ಈ ನಿಷೇಧವನ್ನು ಜನ್ಮಾಂತರಕ್ಕೂ ಚಾಚುವುದು ನನ್ನ ಅತಿರೇಕವಲ್ಲ. ಹಿಂದಿನ ಜನ್ಮಕ್ಕಿಂತ ದೊಡ್ಡ ಪೂರ್ವ ಯಾವುದಿದೆ? ಇಷ್ಟಲಿಂಗ ಕೂರುವುದು ಅಂಗೈಯ ಮೇಲೆ, ತೊನ್ನು ಮೊದಲು ಕಾಣುವ ಜಾಗಗಳಲ್ಲಿ ಕೈಯೂ ಒಂದು. ಶರಣಧರ್ಮ ಮೈಯನ್ನೇ ದೇಗುಲವೆಂದು ಕಂಡ ಧರ್ಮ. ದೇಗುಲದ ಗೋಡೆಯ ಸುಣ್ಣ ಒಂದು ಕಡೆ ಬಿಳಿ, ಒಂದು ಕಡೆ ಕಂದು ಎಂದು ಯಾರೂ ಒಳಗಿನ ದೇವರನ್ನು ಶಂಕಿಸುವುದಿಲ್ಲ. ಬಸವಕಲ್ಯಾಣದಲ್ಲಿ ಇಂದಿಗೂ ಹರಳಯ್ಯನ ಗವಿ ಇದೆ. ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಚಮ್ಮಾವುಗೆ ಮಾಡಿದರು ಎಂಬ ಐತಿಹ್ಯ ಈ ಸೀಮೆಯ ಮಕ್ಕಳಿಗೂ ಗೊತ್ತು. ಆ ಕಥೆಯಲ್ಲಿ ಚರ್ಮದ ಬೆಲೆ ಅದರ ಬಣ್ಣದಲ್ಲಿಲ್ಲ, ಅದನ್ನು ಕೊಟ್ಟ ಮನಸ್ಸಿನಲ್ಲಿದೆ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತೆಂದು ತಂದೆಯರಿಬ್ಬರಿಗೂ ಎಳೆಹೂಟೆಯ ಶಿಕ್ಷೆ ಕೊಟ್ಟದ್ದೂ ಇದೇ ಊರು. ಹುಟ್ಟಿನ ಗುರುತನ್ನು ಮದುವೆಗೆ ಅಡ್ಡ ತರುವುದು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಇಷ್ಟು ಹತ್ತಿರದಿಂದ ಕಂಡ ಊರು ಕರ್ನಾಟಕದಲ್ಲಿ ಇನ್ನೊಂದಿಲ್ಲ. ಅಲ್ಲೇ ಇವತ್ತು ಅಣ್ಣನ ಕೈಯ ಮಚ್ಚೆಗಾಗಿ ತಂಗಿಯ ಸಂಬಂಧ ಮುರಿಯುವುದಾದರೆ ಅದಕ್ಕಿಂತ ನೋವಿನ ಸಂಗತಿ ಏನಿದೆ?

ಹುಮನಾಬಾದಿನ ವೀರಭದ್ರೇಶ್ವರನಿಗೆ, ಪಕ್ಕದ ಮಾಣಿಕನಗರದ ಪ್ರಭುಗಳ ಸಮಾಧಿಗೆ, ಬಸವಕಲ್ಯಾಣದ ರಾಜಾ ಬಾಗ್ ಸವಾರ್ ದರ್ಗಾಕ್ಕೆ ಜನ ಬೇನೆಗಾಗಿ ಹರಕೆ ಹೊರುತ್ತಾರೆ. ನನ್ನ ವಾದ ಹರಕೆಯ ವಿರುದ್ಧ ಅಲ್ಲ. ಬೇಡಿಕೊಳ್ಳುವುದು ಬೇರೆ, ಬೆರಳು ತೋರುವುದು ಬೇರೆ. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ 1865ರಲ್ಲಿ ಸಮಾಧಿಯಾದ ಮಾಣಿಕ ಪ್ರಭುಗಳು ಎಲ್ಲ ಮತವೂ ತನ್ನದೇ ಎನ್ನುವ ಸಕಲಮತ ಸಂಪ್ರದಾಯ ಕಟ್ಟಿದರು. ದರ್ಗಾಕ್ಕೆ ನಡೆದುಕೊಳ್ಳುವವರು ಓದುವ ಕುರಾನಿನಲ್ಲೂ ಈಸಾ ಪ್ರವಾದಿ ಬರಸ್, ಅಂದರೆ ಬಿಳಿ ಮಚ್ಚೆ, ಇದ್ದವರನ್ನು ದೇವರ ಅಪ್ಪಣೆಯಿಂದ ಗುಣಪಡಿಸುವ ಮಾತು ಬರುತ್ತದೆ. ಅಲ್ಲಿ ಆ ರೋಗಿಯ ಪಾಪದ ಸುದ್ದಿಯೇ ಇಲ್ಲ, ಕರುಣೆಯ ಸುದ್ದಿ ಮಾತ್ರ ಇದೆ. ಭಯ ಹುಟ್ಟಿಸಿ ಲಾಭ ಮಾಡುವವರೇ ಬೇರೆ. ತೊನ್ನನ್ನು ಖಾತರಿಯಾಗಿ ವಾಸಿ ಮಾಡುತ್ತೇವೆಂದು ಗೋಡೆಯ ಮೇಲೆ, ಮೊಬೈಲಿನಲ್ಲಿ ಜಾಹೀರಾತು ಹಾಕುವುದು 1954ರ ಮಾಂತ್ರಿಕ ಔಷಧ ಕಾಯ್ದೆಯಲ್ಲಿ ಅಪರಾಧ. ಅದರ ಅನುಸೂಚಿಯಲ್ಲಿ ಈ ರೋಗದ ಹೆಸರೇ ಇದೆ. ಗುಟ್ಟಾಗಿ ನರಳುವವರು ಗುಟ್ಟಾಗಿಯೇ ಹಣ ಕೊಡುತ್ತಾರೆ. ಪಾಪದ ಮಾತು ಇಲ್ಲದಿದ್ದರೆ ಗುಟ್ಟೂ ಬೇಕಿರಲಿಲ್ಲ. ಮಚ್ಚೆ ಎದ್ದ ಮೊದಲ ತಿಂಗಳುಗಳಲ್ಲೇ ಚರ್ಮವೈದ್ಯರ ಬಳಿ ಹೋದವರಿಗೆ ಮುಲಾಮು, ನೇರಳಾತೀತ ಕಿರಣದ ಚಿಕಿತ್ಸೆ ಹೆಚ್ಚು ಫಲಿಸುತ್ತದೆ. ಗುಟ್ಟು ಆ ತಿಂಗಳುಗಳನ್ನು ತಿಂದುಹಾಕುತ್ತದೆ.

ವಿಜ್ಞಾನೇಶ್ವರನಿಗೆ ನಾವು ಇನ್ನೂ ಒಂದು ಮಾತಿನ ಋಣಿಗಳು. ವಾಸಿಯಾಗದ ರೋಗ ಹಿಡಿದವನಿಗೆ ಆಸ್ತಿಯಲ್ಲಿ ಪಾಲಿಲ್ಲ, ಆದರೆ ಅವನನ್ನು ಮನೆಯವರು ಸಾಕಲೇಬೇಕು ಎಂದು ಸ್ಮೃತಿ ಹೇಳುತ್ತದೆ. ಅವನ ಮಕ್ಕಳು ನಿರ್ದೋಷಿಗಳಾಗಿದ್ದರೆ ಅವರಿಗೆ ಪಾಲು ಉಂಟು ಎಂದೂ ಹೇಳುತ್ತದೆ. ತಂದೆಯ ರೋಗ ಮಗನ ಲೆಕ್ಕಕ್ಕೆ ಬರುವುದಿಲ್ಲ. ಮಿತಾಕ್ಷರಾ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ: ಆಸ್ತಿ ಹಂಚಿಕೆ ಮುಗಿದ ಮೇಲೂ ಔಷಧದಿಂದಲೋ ಬೇರೆ ಉಪಾಯದಿಂದಲೋ ದೋಷ ಕಳೆದರೆ ಅವನ ಪಾಲು ಅವನಿಗೆ ಸಲ್ಲಬೇಕು. ಔಷಧದಿಂದ ಕಳೆಯಬಹುದಾದದ್ದೆಂದು ಒಪ್ಪಿದ ಮೇಲೆ, ಕಲ್ಯಾಣದ ಆ ಪಂಡಿತ ರೋಗವನ್ನು ಕೊನೆಯ ತೀರ್ಪೆಂದು ಭಾವಿಸಿರಲಿಲ್ಲ ಎಂದೇ ಅರ್ಥ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೆಯ ಕಲಮು ರೋಗದ ಕಾರಣಕ್ಕೆ ಯಾರೂ ವಾರಸುದಾರಿಕೆ ಕಳೆದುಕೊಳ್ಳುವುದಿಲ್ಲ ಎಂದು ಆ ಬಾಗಿಲನ್ನು ಪೂರ್ತಿ ತೆರೆಯಿತು. ಹೊಲ, ಮನೆಗಳ ಪಾಲು ಹೀಗೆ ಬಂತು. ಮದುವೆಯ ಚಪ್ಪರದಲ್ಲಿ, ಊಟದ ಪಂಕ್ತಿಯಲ್ಲಿ ಇನ್ನೂ ಕೊಡದೆ ಉಳಿಸಿಕೊಂಡ ಪಾಲಿಗೆ ಕಾಯ್ದೆಯ ಕಲಮು ಇಲ್ಲ. ಅದನ್ನು ಬಿಟ್ಟುಕೊಡಬೇಕಾದವರು ಬಸವಕಲ್ಯಾಣ, ಹುಮನಾಬಾದ್ ಎರಡೂ ಊರಿನ ಮನೆಗಳವರೇ.